ಹಾಲು ಕರೆಯುವ ಹೊತ್ತು

ಜಿಲ್ಫಾ ಟಾರ್ಬೆಲ್ ಒಳ್ಳೆಯ ಹೆಂಗಸಾಗಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಆಡಬೇಕು ಎಂದು ಇದನ್ನು ಮುಚ್ಚಿಟ್ಟರೆ ಅವಳೇ ಎದ್ದು ಬಂದು ತಿದ್ದುಪಡಿ ಮಂಡಿಸಿಯಾಳು. ಗೆದ್ದರೆ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗುವವಳು, ಸೋತರೆ ಸೋತೆನೆಂದು ಒಪ್ಪದವಳು, ಗೆಲ್ಲಲು ಅಡ್ಡದಾರಿ ಸಿಕ್ಕಿದರೆ ಹಿಂದೆಮುಂದೆ ನೋಡದವಳು. ಸ್ವಾತಂತ್ರ್ಯ, ಹಕ್ಕು, ಸಂವಿಧಾನ ಮುಂತಾದ ದೊಡ್ಡ ಮಾತುಗಳು ಅವಳ ಕೈಯಲ್ಲಿ ಕೋಳಿ ಅಟ್ಟುವ ಕೋಲುಗಳಾಗಿದ್ದವು. ತನ್ನ ಬೇಲಿಯೊಳಗೆ ಯಾರಾದರೂ ಕಾಲಿಟ್ಟಾಗ ಮಾತ್ರ ಅವು ಹೊರಗೆ ಬರುತ್ತಿದ್ದವು. ಲಡ್‌ಬರೊ ಊರು ಅವಳ ಬಗ್ಗೆ ಹೀಗೆ ತೀರ್ಮಾನಿಸಿತ್ತು. ಆ ತೀರ್ಮಾನಕ್ಕೆ ಬೇಕಾದ ಆಧಾರವನ್ನೆಲ್ಲ ಅವಳೇ ಒದಗಿಸಿದ್ದಳು.

ಲಡ್‌ಬರೊ ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟಗಳ ನಡುವಿನ ಊರು. ಕೆಳಗೆ ನದಿಯ ಪಕ್ಕದ ಬಯಲಿನಲ್ಲಿ ಹಸು ಸಾಕುವವರು. ಮೇಲೆ ಕರಡಿಗುಡ್ಡದಲ್ಲಿ ಮರ ಕಡಿಯುವವರು, ಕುರಿ ಕೋಳಿ ಸಾಕುವವರು, ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುವವರು. ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ಇವರೆಲ್ಲ ಊರ ಸಭೆಗೆಂದು ಸಭಾಭವನದಲ್ಲಿ ಸೇರುತ್ತಾರೆ. ಊರಿನ ಕೆಲಸ ನೋಡಿಕೊಳ್ಳುವ ಮೂವರು ಪಂಚರು ಅಂದು ಅಪರಾಧಿಗಳಂತೆ ಎದುರು ಬೆಂಚಿನಲ್ಲಿ ಕೂರಬೇಕು. ಯಾವ ರಸ್ತೆಗೆ ಜಲ್ಲಿ, ಯಾವ ಶಾಲೆಗೆ ಸೌದೆ, ಮುಂದೆ ಯಾರು ಪಂಚರು ಎಂಬುದನ್ನೆಲ್ಲ ಊರೇ ಕೂತು, ಕೂಗಾಡಿ, ಕೈಯೆತ್ತಿ ನಿರ್ಧರಿಸುತ್ತದೆ. ಯಾರೂ ಯಾರ ಪರವಾಗಿಯೂ ಅಲ್ಲಿ ಮಾತನಾಡುವಂತಿಲ್ಲ. ಬಂದವನಿಗೆ ಬಾಯಿ, ಬಾರದವನಿಗೆ ಇಲ್ಲ.

ಜಿಲ್ಫಾ ಆ ಸಭೆಗೆ ಮೊದಲು ಹೋದದ್ದು ಹೆಂಗಸರಿಗೆ ಮತದ ಹಕ್ಕು ಬಂದ ಮರುವರ್ಷ. ಆಗ ಅವಳಿಗೆ ಇಪ್ಪತ್ತೆರಡು. ಜಾರುಬಂಡಿಯಲ್ಲಿ ಪಕ್ಕಕ್ಕೆ ಕೂತ ಅಪ್ಪ ಲೆವಿ ಟಾರ್ಬೆಲ್ ದಾರಿಯುದ್ದಕ್ಕೂ ಪಾಠ ಹೇಳಿದ.

"ನಾನು ಕೈ ಎತ್ತಿದಾಗ ನೀನೂ ಎತ್ತು. ಅಷ್ಟೇ ಕಣೇ, ಕಷ್ಟ ಏನಿಲ್ಲ."

"ನಿನ್ನ ಮತಾನೇ ಎರಡು ಸಲ ಎಣಿಸೋಕೆ ನಾನ್ಯಾಕೆ ಬರ್ಬೇಕಪ್ಪ? ನೀನೇ ಎರಡೂ ಕೈ ಎತ್ಬಿಡು."

ಲೆವಿ ಕುದುರೆಗೆ ಬೈದ.

ಅಂದಿನ ಸಭೆಯಲ್ಲಿ ಹೆಂಗಸರೇ ಸೇರಿ ತಂದ ವಿಷಯವೊಂದಿತ್ತು. ಶಾಲೆಯ ಬಾವಿಗೆ ಪಂಪು ಬೇಕು, ಚಿಕ್ಕ ಮಕ್ಕಳು ಬಗ್ಗಿ ನೀರು ಸೇದುವುದು ನಿಲ್ಲಬೇಕು ಎಂದು. ಅದು ಊಟದ ನಂತರದ ಪಟ್ಟಿಯಲ್ಲಿತ್ತು. ಊಟ ಎಂದಿನಂತೆ ಹೆಂಗಸರ ಪಾಲಿನ ಕೆಲಸ: ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸ್, ಕಂದು ಬ್ರೆಡ್, ಸೇಬಿನ ಪೈ, ಆಮೇಲೆ ಇಡೀ ಊರಿನ ತಟ್ಟೆ. ಅಡುಗೆಮನೆಯಲ್ಲಿ ನೀರು ಕಾಯಿಸಿ, ತೋಳು ಮಡಚಿ, ಅರ್ಧ ತಟ್ಟೆ ತೊಳೆಯುವಷ್ಟರಲ್ಲಿ ಒಳಗೆ ಗಂಡಸರು ಬೆಂಚಿಗೆ ಮರಳಿದ್ದರು. ಜಿಲ್ಫಾ ಒರೆಸುತ್ತಿದ್ದ ತಟ್ಟೆ ಹಿಡಿದೇ ಹೊರಗೆ ಬಂದಳು.

"ಪಂಪಿನ ವಿಷಯ ಯಾವಾಗ ತಗೋತೀರಿ ಅಧ್ಯಕ್ಷರೇ?"

"ಅದು ಮುಗೀತಮ್ಮ. ಬಿದ್ದುಹೋಯ್ತು."

"ಯಾವಾಗ?"

"ಈಗ ತಾನೇ. ಬಾಗಿಲು ತೆಗೆದೇ ಇತ್ತಲ್ಲ, ನೀವೂ ಬರಬಹುದಿತ್ತು."

ಗಂಡಸರು ನಕ್ಕರು. ಲೆವಿಯೂ ನಕ್ಕ. ಜಿಲ್ಫಾ ಆ ಹಸಿ ತಟ್ಟೆಯನ್ನು ಅಧ್ಯಕ್ಷರ ಕಾಗದಗಳ ಮೇಲೆ ಬೋರಲು ಹಾಕಿ, ಮುಂದಿನ ಸಾಲಿನಲ್ಲಿ ಹೋಗಿ ಕೂತಳು. ಅಂದಿನಿಂದ ಸಭೆಯ ದಿನ ಅವಳು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಪ್ರತಿವರ್ಷ ಬೀನ್ಸಿನ ಮಡಕೆ ತಂದು ಬಾಗಿಲಲ್ಲಿ ಇಡುವಳು, ಊಟ ಮಾಡುವಳು, ತಟ್ಟೆ ಅಲ್ಲೇ ಬಿಟ್ಟು ಮುಂದಿನ ಸಾಲಿಗೆ ಹೋಗುವಳು. ಊರಿನ ಹೆಂಗಸರು ಅದನ್ನು ಕ್ಷಮಿಸಲಿಲ್ಲ. ಅವಳ ಪಾಲಿನ ತಟ್ಟೆಗಳನ್ನು ತೊಳೆದವರು ಅವರೇ ತಾನೇ.

ಮದುವೆಯಾಗಲಿಲ್ಲ. ಕೇಳಿದವರಿಲ್ಲ ಎಂದು ಊರು, ಕೇಳಿದ್ದರು ಎಂದು ಅವಳು. ಅಪ್ಪ ಸತ್ತ ಮೇಲೆ ಕರಡಿಗುಡ್ಡದ ಮನೆ, ಮೇಪಲ್ ತೋಪು, ನೂರಾರು ಕೋಳಿ ಅವಳ ಪಾಲಿಗೆ ಬಂದವು. ಹಸುಗಳನ್ನು ಮಾರಿಬಿಟ್ಟಳು. ಹಸು ಇದ್ದವನು ಹಸುವಿನ ಜೀತದಾಳು ಎಂಬುದು ಅವಳ ಮಾತು.

ರಾಜ್ಯದ ಸಂವಿಧಾನ ಅವಳಿಗೆ ಬಾಯಿಪಾಠವಿತ್ತು, ಅದರಲ್ಲೂ ಹತ್ತನೆಯ ಕಲಮು. ಸರ್ಕಾರ ಇರುವುದು ಎಲ್ಲರ ಹಿತಕ್ಕೆ, ಒಬ್ಬನ ಅಥವಾ ಒಂದು ಮನೆತನದ ಲಾಭಕ್ಕಲ್ಲ. ಅದು ದಾರಿ ತಪ್ಪಿ, ಸರಿಪಡಿಸುವ ಬೇರೆ ಉಪಾಯವೇ ಇಲ್ಲದಾದಾಗ ಅದನ್ನು ಕಿತ್ತು ಹೊಸದನ್ನು ಕಟ್ಟುವುದು ಜನರ ಹಕ್ಕು. ದಬ್ಬಾಳಿಕೆಗೆ ಎದುರಾಡದೆ ಕೂರುವುದು ಗುಲಾಮತನ ಎಂದು ಅದು ಹೇಳುತ್ತದೆ. ರಾಜನನ್ನು ಓಡಿಸಿದ ಬಿಸಿಯಲ್ಲಿ ಹಿರಿಯರು ಬರೆದಿಟ್ಟ ಮಾತು. ಜಿಲ್ಫಾ ಅದನ್ನು ಹಿಮ ಗೋರುವ ಗಾಡಿಯ ಮೇಲೆ ಪ್ರಯೋಗಿಸಿದಳು. ರಸ್ತೆಯ ಹಿಮವನ್ನೆಲ್ಲ ತಂದು ಅವಳ ಗೇಟಿಗೆ ಒಡ್ಡಿದ್ದಕ್ಕೆ, ಅಷ್ಟನ್ನೂ ಸಲಿಕೆಯಲ್ಲಿ ಎತ್ತಿ ರಸ್ತೆಗೇ ಹಾಕಿದಳು. ಕೇಳಲು ಬಂದ ಪಂಚರಿಗೆ ಹತ್ತನೆಯ ಕಲಮನ್ನು ಒಪ್ಪಿಸಿದಳು.

"ಹಿಮ ಗೋರೋದು ದಬ್ಬಾಳಿಕೆ ಅಲ್ಲ ಜಿಲ್ಫಾ."

"ನಿನ್ನ ಗೇಟಿಗೆ ಗೋರಿದ್ರೆ ನಿನಗೂ ಗೊತ್ತಾಗ್ತಿತ್ತು."

ಊರಿನಲ್ಲೊಂದು ಹಳೆಯ ತಮಾಷೆಯಿತ್ತು. ಆ ವರ್ಷ ಮದುವೆಯಾದ ಗಂಡಸರನ್ನು ಸಭೆಯಲ್ಲಿ ಹಂದಿ ಕಾವಲುಗಾರರೆಂದು ಆರಿಸುವುದು. ಬೀದಿಯಲ್ಲಿ ಹಂದಿಗಳು ಅಲೆಯುತ್ತಿದ್ದ ಕಾಲದ ಹುದ್ದೆ. ಹಂದಿಗಳು ಹೋಗಿ ಹುದ್ದೆ ಉಳಿದಿತ್ತು. ಹೊಸ ಗಂಡಂದಿರು ಕೆಂಪಾಗಿ ಎದ್ದು ನಿಲ್ಲುವರು, ಊರು ಚಪ್ಪಾಳೆ ತಟ್ಟುವುದು. ಒಂದು ವರ್ಷ ಜಿಲ್ಫಾ ಎದ್ದಳು. "ಮದುವೆಯಾದದ್ದು ಇಬ್ಬರೂ ಅಲ್ವಾ? ಹೆಂಡತೀರನ್ನೂ ಆರಿಸಿ. ಹಂದಿ ಹಿಡಿಯೋ ಅಭ್ಯಾಸ ಅವರಿಗೇ ಜಾಸ್ತಿ, ಒಂದೊಂದು ಹಿಡಿದಾಗಿದೆ." ಸಭೆ ಬಿದ್ದು ಬಿದ್ದು ನಕ್ಕಿತು, ಆಮೇಲೆ ಮತಕ್ಕೆ ಹಾಕಿತು. ನಿರ್ಣಯ ಗೆದ್ದಿತು. ಇಂದಿಗೂ ಲಡ್‌ಬರೊದಲ್ಲಿ ದಂಪತಿಗಳೇ ಹಂದಿ ಕಾವಲುಗಾರರು.

ಇಷ್ಟೇ ಆಗಿದ್ದರೆ ಊರು ಅವಳನ್ನು ಸಹಿಸಿಕೊಳ್ಳುತ್ತಿತ್ತು, ಮೆಚ್ಚುತ್ತಲೂ ಇತ್ತೇನೋ. ಕೆಡಿಸಿದ್ದು ಗುಡ್ಡದ ಶಾಲೆಯ ಸಂಗತಿ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಕರಡಿಗುಡ್ಡದ ಪುಟ್ಟ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಕೆಳಗಿನ ಶಾಲೆಗೆ ಕಳಿಸಬೇಕೆಂಬ ನಿರ್ಣಯ ಬೆಳಗ್ಗೆ ಸಭೆಯಲ್ಲಿ ಗೆದ್ದಿತು. ಗುಡ್ಡದವರು ಸೋತರು. ಆದರೆ ಸಭೆಯ ನಿಯಮದಲ್ಲೊಂದು ಸಂದಿಯಿದೆ: ಗೆದ್ದ ಪಕ್ಕಕ್ಕೆ ಮತ ಹಾಕಿದವನು ಯಾರಾದರೂ ಎದ್ದು, ಅದೇ ವಿಷಯವನ್ನು ಮತ್ತೆ ಎತ್ತಿಕೊಳ್ಳಬೇಕೆಂದು ಕೇಳಬಹುದು. ಜಿಲ್ಫಾ ತನ್ನ ಕಡೆಯವನೊಬ್ಬನಿಂದ ಬೇಕೆಂದೇ ಎದುರು ಪಕ್ಕಕ್ಕೆ ಮತ ಹಾಕಿಸಿ ಇಟ್ಟುಕೊಂಡಿದ್ದಳು. ನಾಲ್ಕು ಗಂಟೆಯಾಯಿತು. ಬಯಲಿನ ರೈತರಿಗೆ ಅದು ಹಾಲು ಕರೆಯುವ ಹೊತ್ತು. ಹಸುವಿನ ಕೆಚ್ಚಲು ಸಭೆಗೆ ಕಾಯುವುದಿಲ್ಲ. ಗಂಡ ಹೆಂಡತಿ ಆಳು ಎಲ್ಲರೂ ಕೋಟು ಹಾಕಿಕೊಂಡು ಹೊರಟರು. ಬೆಂಚುಗಳು ಖಾಲಿಯಾದವು. ಜಿಲ್ಫಾ ಕಣ್ಣು ಮಿಟುಕಿಸಿದಳು, ಅವಳ ಮನುಷ್ಯ ಎದ್ದ, ವಿಷಯ ಮತ್ತೆ ಬಂತು, ಕ್ಷಣದಲ್ಲಿ ಶಾಲೆ ಉಳಿಯಿತು.

ಬಯಲಿನವರಿಗೆ ಗೊತ್ತಾದದ್ದು ಮರುದಿನ ಹಾಲಿನ ಲಾರಿಯವನಿಂದ. ಹೋರೇಸ್ ವಿಪ್ಪಲ್ ಎಂಬ ರೈತ, ಜಿಲ್ಫಾಳ ಜೊತೆಗೇ ಶಾಲೆಗೆ ಹೋದವನು, ಅಂಗಡಿಯಲ್ಲಿ ಅವಳ ಎದುರು ಬಂದು ನಿಂತ.

"ನಾನು ಹಸು ಕೆಳಗೆ ಕೂತಿದ್ದಾಗ ಗೆದ್ದೆ ಕಣೇ ನೀನು."

"ಗೆದ್ದೆ. ಎಲ್ಲಿ ಕೂತಿದ್ದಾಗ ಅಂತ ಕಾನೂನಲ್ಲಿ ಬರ್ದಿಲ್ಲ."

"ನಾನು ಅಲ್ಲಿದ್ದು ಸೋತಿದ್ರೆ ಟೋಪಿ ತೆಗೀತಿದ್ದೆ."

"ನಿನ್ನ ಬೋಳುತಲೆ ನೋಡೋ ಆಸೆ ನನಗಿಲ್ಲ, ಹೋರೇಸ್."

ಅಂಗಡಿಯಲ್ಲಿದ್ದವರು ನಕ್ಕರು. ಹೋರೇಸ್ ನಗಲಿಲ್ಲ. ಕೆಲವೇ ವರ್ಷಗಳಲ್ಲಿ ಗುಡ್ಡದಲ್ಲಿ ಮಕ್ಕಳೇ ಇಲ್ಲದೆ ಶಾಲೆ ತಾನಾಗಿ ಮುಚ್ಚಿತು. ಆದರೂ ಜಿಲ್ಫಾ ಆ ಗೆಲುವಿನ ಕಥೆಯನ್ನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು. ಬಯಲಿನವರು ಮಾತ್ರ ಪಾಠ ಕಲಿತರು. ಅಂದಿನಿಂದ ಸಭೆಯ ದಿನ ಸಂಜೆ ಅವರಲ್ಲೊಬ್ಬ ಹಿಂದೆ ಉಳಿಯುತ್ತಿದ್ದ, ಅವನ ಹಸುಗಳನ್ನು ನೆರೆಯವನು ಕರೆಯುತ್ತಿದ್ದ. ಉಳಿದವನ ಕೆಲಸ ಇಷ್ಟೇ: ಜಿಲ್ಫಾ ಏನಾದರೂ ಹೂಡಿದರೆ ಫೋನಿಗೆ ಓಡಿ ಎಲ್ಲರನ್ನೂ ಕರೆಯುವುದು. ಊರಿಡೀ ಅವನನ್ನು ನರಿಕಾವಲು ಎಂದು ಕರೆಯುತ್ತಿತ್ತು. ಜಿಲ್ಫಾಗೆ ಅದು ಬಿರುದಿನಂತೆ ಹಿತವಾಗಿತ್ತು.

ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ, ಒಂದು ವಸಂತದಲ್ಲಿ ಹಿಮಗಡ್ಡೆಗಳು ಒಡೆದು ಹರಿದಾಗ ಟ್ಯಾನರಿ ಹಳ್ಳದ ಮೇಲಿನ ಮರದ ಸೇತುವೆಯನ್ನು ಕೊಚ್ಚಿಕೊಂಡು ಹೋದವು. ಕರಡಿಗುಡ್ಡಕ್ಕೆ ಅದೊಂದೇ ದಾರಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಹಳ್ಳವನ್ನು ನಡೆದು ದಾಟಬಹುದು, ಬೇಸಿಗೆಯಲ್ಲಿ ಕಲ್ಲಿನ ಮೇಲೆ ಹಾರಬಹುದು. ಲಾರಿ ಮಾತ್ರ ಹೋಗುವಂತಿಲ್ಲ. ಲಾರಿ ಹೋಗದಿದ್ದರೆ ಜಿಲ್ಫಾಳ ಮೊಟ್ಟೆ ಇಳಿಯುವುದಿಲ್ಲ, ಕೋಳಿಗೆ ಕಾಳು ಹತ್ತುವುದಿಲ್ಲ. ಒಂದು ವರ್ಷ ಹೇಗೋ ಕೈಗಾಡಿಯಲ್ಲಿ ಎಳೆದಳು. ಈಗ ಐವತ್ತು ದಾಟಿತ್ತು, ಮಂಡಿ ನೋಯುತ್ತಿತ್ತು. ಸೇತುವೆ ಬಾರದಿದ್ದರೆ ಕೋಳಿಗಳನ್ನು ಮಾರಿ, ಮನೆಗೆ ಬೀಗ ಹಾಕಿ, ಕೆಳಗೆ ಅಂಚೆ ಕಚೇರಿಯ ಮೇಲಿನ ಬಾಡಿಗೆ ಕೋಣೆಗೆ ಇಳಿಯಬೇಕು. ಬೇರೆಯವರ ಮಾಡಿನ ಕೆಳಗೆ, ಬೇರೆಯವರ ಮೊಟ್ಟೆ ಕೊಂಡು ತಿನ್ನುತ್ತಾ.

ಸತ್ತ ಅಕ್ಕನ ಮಗ ಮರ್ಟನ್ ಸ್ಲೇಟನ್ ಗುಡ್ಡದಲ್ಲೇ ಪಕ್ಕದ ಜಮೀನಿನಲ್ಲಿದ್ದ. ಮರ ಕಡಿದು ಮಿಲ್ಲಿಗೆ ಹಾಕುವುದು ಅವನ ಕಸುಬು. ಸೇತುವೆಯಿಲ್ಲದೆ ದಿಮ್ಮಿಗಳು ಅಂಗಳದಲ್ಲೇ ಕೊಳೆಯುತ್ತಿದ್ದವು. ಅವನ ಹೆಂಡತಿ ಯೂನಿಸ್ ಹೆರಿಗೆಗೆ ಹೋದದ್ದು ಹಿಮದ ಮೇಲೆ ಎಳೆದ ಹಲಗೆಯ ಮೇಲೆ. ಮೂರನೆಯ ಮನೆ ಒಬ್ಬ ಕಿವುಡ ಮುದುಕನದು. ಗುಡ್ಡದಲ್ಲಿ ಉಳಿದಿದ್ದವರು ಇಷ್ಟೇ.

ಮಾರ್ಚ್ ಬಂತು. ಸಭಾಭವನದ ಒಲೆ ಕೆಂಪಗೆ ಕಾದಿತ್ತು, ಒದ್ದೆ ಉಣ್ಣೆಯ ವಾಸನೆ ತುಂಬಿತ್ತು. ಅಧ್ಯಕ್ಷ ಎಲಿಹು ಸ್ಟಿಕ್ನಿ, ಸಣ್ಣ ದನಿಯ ನ್ಯಾಯವಂತ ಬಡಗಿ, ಸುತ್ತಿಗೆ ಕುಟ್ಟಿ ಸೇತುವೆಯ ವಿಷಯ ಓದಿದ. ಹೋರೇಸ್ ವಿಪ್ಪಲ್ ಎದ್ದ.

"ಅಧ್ಯಕ್ಷರೇ, ಮೂರು ಹೊಗೆಗೂಡಿಗೆ ಒಂದು ಸೇತುವೆ. ಅದರಲ್ಲಿ ಒಂದು ಹೊಗೆಗೂಡು ಬರೀ ಜಿಲ್ಫಾ ಬಾಯಿಂದ ಬರೋ ಹೊಗೆ." ನಗೆ. "ನಾನು ದ್ವೇಷಕ್ಕೆ ಹೇಳ್ತಿಲ್ಲ. ನಮ್ಮ ಕೊಟ್ಟಿಗೆಗಳ ಮೇಲೆ ಸಾಲ ಇದೆ. ಗುಡ್ಡದಲ್ಲಿ ಇನ್ನು ಹತ್ತು ವರ್ಷಕ್ಕೆ ಯಾರಿರ್ತಾರೆ? ಕರಡಿಗೆ ಸೇತುವೆ ಕಟ್ಟೋಣವಾ?"

ಜಿಲ್ಫಾ ಎದ್ದಳು. ಹಿಂದಿನಿಂದ ಯಾರೋ ಕೂಗಿದರು: "ಹತ್ತನೇ ಕಲಮು ಬಂತು, ಕಾಫಿ ಬಗ್ಗಿಸ್ಕೊಳ್ರಪ್ಪೋ!"

"ಕುಡೀರಿ. ಇವತ್ತು ಕಲಮು ಹೇಳಲ್ಲ, ಎಚ್ಚರವಾಗಿದ್ದು ಕುಡೀರಿ," ಎಂದಳು. "ಹೋರೇಸ್ ಹೊಗೆಗೂಡು ಎಣಿಸಿದ್ದಾನೆ. ಸಂತೋಷ. ನಾನೂ ಎಣಿಸ್ತೀನಿ. ಈ ಊರು ಹುಟ್ಟಿದಾಗ ಕೆಳಗಡೆ ಬರೀ ಜೌಗು, ಸೊಳ್ಳೆ. ಜನ ಎಲ್ಲ ಇದ್ದದ್ದು ಗುಡ್ಡದ ಮೇಲೆ. ಸಭೆ ಸೇರ್ತಿದ್ದದ್ದು ಗುಡ್ಡದ ಮೇಲೆ. ಕೆಳಗಡೆ ಇದ್ದದ್ದು ಎರಡೇ ಹೊಗೆಗೂಡು, ಎರಡೂ ವಿಪ್ಪಲ್‌ಗಳದ್ದು. ನದಿಗೆ ಸೇತುವೆ ಬೇಕು ಅಂತ ನಿನ್ನ ಮುತ್ತಾತ ಗುಡ್ಡ ಹತ್ತಿ ಬಂದು ಕೇಳಿದ ಕಣೋ ಹೋರೇಸ್. ನಮ್ಮೋರು ಹೊಗೆಗೂಡು ಎಣಿಸ್ಲಿಲ್ಲ. ಮರ ಕಡಿದು ಕಟ್ಟಿಕೊಟ್ರು. ಆ ಸೇತುವೆ ಮೇಲೇ ನಿನ್ನ ಹಾಲು ದಿನಾ ದಾಟತ್ತೆ. ಜಾಸ್ತಿ ಇರೋರಿಗೆ ಮಾತ್ರ ದಾರಿ ಅನ್ನೋದಾದ್ರೆ ಅದನ್ನ ಊರು ಅಂತ ಯಾಕೆ ಕರೀತೀರಿ? ಹಿಂಡು ಅನ್ನಿ. ಹಿಂಡಿಗೆ ಸಭೆ ಬೇಕಾಗಿಲ್ಲ, ಒಂದು ನಾಯಿ ಸಾಕು."

ನಗೆ ಬರಲಿಲ್ಲ. ಕೆಲವರು ತಲೆ ತಗ್ಗಿಸಿದರು. ಅಷ್ಟಕ್ಕೆ ಕೂತಿದ್ದರೆ ಗೆಲ್ಲುತ್ತಿದ್ದಳೋ ಏನೋ. ಆದರೆ ಅವಳು ಜಿಲ್ಫಾ. ಮುಂದುವರಿಸಿದಳು: "ಕೊಡದೆ ಇದ್ರೆ ನಾನು ಹಳ್ಳಕ್ಕೆ ಬೀಳ್ತೀನೇ ಹೊರತು ನಿಮ್ಮಂಥ ಜಿಪುಣರ ಹತ್ರ ಎರಡನೇ ಸಲ ಕೇಳಲ್ಲ." ತಗ್ಗಿದ್ದ ತಲೆಗಳು ಮೇಲೆದ್ದವು.

ಧ್ವನಿಮತದಲ್ಲಿ ಎರಡೂ ಕಡೆ ಸಮ ಸಮ ಕೇಳಿಸಿತು. ಎಲಿಹು ಎರಡು ಕಡೆಯವರನ್ನೂ ಬೇರೆ ಬೇರೆ ನಿಲ್ಲಿಸಿ ಎಣಿಸಿದ. ಸೇತುವೆ ಬಿತ್ತು, ಕೈಬೆರಳಲ್ಲಿ ಎಣಿಸುವಷ್ಟು ಮತಗಳಲ್ಲಿ.

"ಮತ್ತೆ ಎಣಿಸಿ," ಎಂದಳು ಜಿಲ್ಫಾ.

ಮತ್ತೆ ಎಣಿಸಿದರು. ಅಷ್ಟರಲ್ಲಿ ಹೊರಗೆ ಹೋಗಿದ್ದ ರೈತನೊಬ್ಬ ಪ್ಯಾಂಟು ಏರಿಸಿಕೊಳ್ಳುತ್ತಾ ಒಳಗೆ ಬಂದಿದ್ದ. ಈ ಸಲ ಇನ್ನೂ ಒಂದು ಮತ ಹೆಚ್ಚಿಗೆ ಸೋತಳು.

"ಇನ್ನೊಂದು ಸಲ ಎಣಿಸ್ಬೇಕಾ ಮಿಸ್ ಟಾರ್ಬೆಲ್?" ಎಂದ ಎಲಿಹು, ನಗು ತಡೆದುಕೊಂಡು.

"ಬೇಡ. ನೀವು ಎಣಿಸಿದಷ್ಟೂ ಅವರು ಹುಟ್ಕೋತಾರೆ."

ಊಟಕ್ಕೆ ಕೂತಾಗ ಮರ್ಟನ್ ತಟ್ಟೆ ಹಿಡಿದು ಅವಳ ಪಕ್ಕಕ್ಕೆ ಬಂದ. ಮುಖದಲ್ಲಿ ಸೋತವನ ಕಳೆಯಿರಲಿಲ್ಲ.

"ಚಿಕ್ಕಮ್ಮ, ನಾನು ಯಾವ ಕಡೆ ನಿಂತಿದ್ದೆ ನೋಡಿದ್ಯಾ?"

ಅವಳು ನೋಡಿರಲಿಲ್ಲ. ತನ್ನ ಕಡೆಯವರನ್ನು ತಿರುಗಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ.

"ಬೇಡ ಅನ್ನೋರ ಕಡೆ ನಿಂತೆ. ಎರಡು ಸಲಾನೂ. ಈಗ ನಾನು ಗೆದ್ದ ಪಕ್ಕದೋನು, ವಿಷಯ ಮತ್ತೆ ಎತ್ತಬಹುದು." ಬೀನ್ಸ್ ಬಾಯಿಗಿಟ್ಟು ಕಣ್ಣು ಹೊಡೆದ. "ನಾಲ್ಕು ಗಂಟೆ ಆಗ್ಲಿ. ನಿನ್ನ ಹತ್ರಾನೇ ಕಲ್ತದ್ದು."

"ನರಿಕಾವಲು ಇರ್ತಾನಲ್ಲೋ."

"ಯಾರಿವತ್ತು? ಹೋರೇಸ್ ಅಲ್ವಾ? ಇರ್ಲಿ. ಅವನು ಫೋನ್ ಮಾಡಿ, ಅವರು ಹಾಲಿನ ತಪ್ಪಲೆ ಇಳಿಸಿ ಬರೋಷ್ಟರಲ್ಲಿ ಮತ ಮುಗಿದಿರತ್ತೆ. ಎಲಿಹುಗೆ ನಿಯಮ ನಿಯಮವೇ."

ಜಿಲ್ಫಾ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿ ತಿಂದಳು. ಒಳಗೆ ಹಿಗ್ಗಾಗಿದ್ದು ನಿಜ. ಈ ಹುಡುಗ ದಡ್ಡ ಎಂದುಕೊಂಡಿದ್ದಳು.

ಮಧ್ಯಾಹ್ನ ಎಳೆಯಿತು. ಸ್ಮಶಾನದ ಬೇಲಿ, ಗ್ರಂಥಾಲಯದ ಸೋರುವ ಮಾಡು, ಅಗ್ನಿಶಾಮಕ ಬಂಡಿಯ ಟೈರು. ಕಿಟಕಿಯ ಬೆಳಕು ಹಳದಿಯಾದಂತೆ ಬಯಲಿನವರು ಒಬ್ಬೊಬ್ಬರಾಗಿ ಎದ್ದರು. ಗಂಡ ಕೋಟು ಹಾಕಿಕೊಂಡ, ಹೆಂಡತಿ ಖಾಲಿ ಪಾತ್ರೆ ಎತ್ತಿಕೊಂಡಳು. ಹೊರಗೆ ಟ್ರಕ್ಕುಗಳು ಕೆಮ್ಮಿ ಚಾಲೂ ಆದವು. ಬಾಗಿಲ ಹತ್ತಿರದ ಬೆಂಚುಗಳಲ್ಲಿ ಹೋರೇಸ್ ಒಬ್ಬನೇ ಉಳಿದ, ಕಾಲು ಚಾಚಿ, ಕಣ್ಣು ಜಿಲ್ಫಾಳ ಬೆನ್ನಿನ ಮೇಲಿಟ್ಟು.

ಆಗ ಅಡುಗೆಮನೆಯ ಪಕ್ಕದ ಫೋನು ಬಡಿದುಕೊಂಡಿತು. ಯಾರೋ ಹೋರೇಸನನ್ನು ಕರೆದರು. ಅವನು ಹೋಗಿ ಕೇಳಿಸಿಕೊಂಡು, ಟೋಪಿ ಕೈಯಲ್ಲಿ ಹಿಡಿದು ಮರಳಿದ. ಬೆಂಚಿಗೆ ಹೋಗಲಿಲ್ಲ. ನೇರವಾಗಿ ಮುಂದಿನ ಸಾಲಿಗೆ ಬಂದು ಜಿಲ್ಫಾಳ ಪಕ್ಕ ಬಗ್ಗಿದ.

"ನಮ್ಮ ಕೆಂದಿ ಈಯೋಕೆ ಶುರು ಮಾಡಿದ್ಯಂತೆ. ಕರು ಅಡ್ಡ ಸಿಕ್ಕೊಂಡಿದೆ. ಹೆಂಡತಿ ಒಬ್ಬಳೇ ಇದ್ದಾಳೆ."

"ನನಗ್ಯಾಕೆ ಹೇಳ್ತೀಯ? ನಾನೇನು ಸೂಲಗಿತ್ತೀನಾ?"

"ನಾನು ಹೋಗ್ಲೇಬೇಕು ಅಂತ ಹೇಳ್ದೆ."

"ಹೋಗು. ಬಾಗಿಲು ತೆಗ್ದೇ ಇದೆ."

ಆ ಮಾತು ಬಾಯಿಂದ ಹೊರಟ ಮೇಲೆ, ಪಂಪು ಬಿದ್ದುಹೋದ ದಿನ ತಾನು ತಟ್ಟೆ ಹಿಡಿದು ಹೊರಬಂದಿದ್ದ ಅಡುಗೆಮನೆಯ ಬಾಗಿಲ ಕಡೆ ಅವಳ ಕಣ್ಣು ಹೊರಳಿತು. ಹೋರೇಸ್ ಇನ್ನೂ ಅಲ್ಲೇ ನಿಂತಿದ್ದ.

"ನಿನ್ನ ಕಾಯೋಕೆ ಅಂತ ಬಿಟ್ಟು ಹೋಗಿದ್ದಾರೆ ನನ್ನ," ಎಂದ.

"ಗೊತ್ತು. ನಾನೇನು ಕೋಳಿ ಕದಿಯೋ ನರೀನಾ?"

"ಹೌದು," ಎಂದ ಹೋರೇಸ್. ಬೈಗುಳವಾಗಿ ಅಲ್ಲ, ಹವಾಮಾನ ಹೇಳುವಂತೆ ಹೇಳಿದ. ಟೋಪಿ ಹಾಕಿಕೊಂಡು ಹೊರಟುಹೋದ. ಬದಲಿಗೆ ಯಾರನ್ನೂ ಕರೆಯಲಿಲ್ಲ. ಕರೆಯಲು ಯಾರೂ ಇರಲಿಲ್ಲ, ಎಲ್ಲರೂ ಹಸುಗಳ ಕೆಳಗಿದ್ದರು.

ಜಿಲ್ಫಾ ಹಿಂದಕ್ಕೆ ತಿರುಗಿ ನೋಡಿದಳು. ಬಯಲಿನವರ ಬೆಂಚುಗಳಲ್ಲಿ ಒಬ್ಬರೂ ಇಲ್ಲ. ಬೆಳಗ್ಗೆ ಒದ್ದೆ ಬೂಟುಗಳಿಂದ ಇಳಿದ ನೀರು ನೆಲದ ಮೇಲೆ ಕೊಳೆಯಾಗಿ ಒಣಗಿತ್ತು. ಉಳಿದವರು ಪೇಟೆಯ ಕೆಲವರು, ಪಾದ್ರಿ, ಅಂಗಡಿಯವನು, ಬೆಚ್ಚಗೆ ಕೂರಲು ಬಂದ ಮುದುಕರು. ಬೆಳಗ್ಗೆ ಸೇತುವೆಗೆ ಹೌದು ಎಂದವರೇ ಹೆಚ್ಚು. ಅಡುಗೆಮನೆಯಿಂದ ತಟ್ಟೆಗಳು ಒಂದಕ್ಕೊಂದು ತಾಗುವ ಸದ್ದು ಬರುತ್ತಿತ್ತು. ಲೆಕ್ಕ ಹಾಕಬೇಕಾದ್ದೇ ಇರಲಿಲ್ಲ. ಸೇತುವೆ ಅವಳ ಮಡಿಲಿಗೆ ಬಂದು ಬಿದ್ದಿತ್ತು. ಮೊಟ್ಟೆಯ ಲಾರಿ, ಕಾಳಿನ ಮೂಟೆ, ಬಾಡಿಗೆ ಕೋಣೆಗೆ ಹೋಗದೆ ತನ್ನ ಮಂಚದಲ್ಲೇ ಸಾಯುವುದು, ಎಲ್ಲವೂ.

"ಕೊನೆಯ ವಿಷಯ," ಎಂದ ಎಲಿಹು, ಕನ್ನಡಕ ಒರೆಸುತ್ತಾ. "ಸಭೆಯ ಮುಂದೆ ಬರಬಹುದಾದ ಇತರ ಕೆಲಸ. ಯಾರಿಗಾದರೂ ಏನಾದರೂ ಇದೆಯೇ?"

ಎರಡು ಸಾಲು ಹಿಂದೆ ಮರ್ಟನ್‌ನ ಬೆಂಚು ಕಿರುಗುಟ್ಟಿತು. ಅವನು ಗಂಟಲು ಸರಿಮಾಡಿಕೊಂಡು ಏಳುವ ಮೊದಲೇ ಜಿಲ್ಫಾ ಎದ್ದು ನಿಂತಿದ್ದಳು.

ಎಲಿಹು ನಿಟ್ಟುಸಿರು ಬಿಟ್ಟ. "ಮಿಸ್ ಟಾರ್ಬೆಲ್. ಈಗೇನು?"

"ಸಭೆ ಮುಗಿಸಬೇಕು ಅಂತ ಸೂಚಿಸ್ತೀನಿ."

ಎಲಿಹು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದ. ಮೂವತ್ತು ವರ್ಷಗಳಲ್ಲಿ ದೀಪ ಆರಿಸುವವನಿಗಿಂತ ಮೊದಲು ಅವಳು ಆ ಭವನ ಬಿಟ್ಟು ಹೋದದ್ದಿಲ್ಲ.

"ಏನಂದಿರಿ?"

"ಕಿವಿ ಕೇಳ್ಸಲ್ವಾ? ಸಭೆ ಮುಗಿಸಿ."

"ಅಧ್ಯಕ್ಷರೇ," ಎಂದ ಮರ್ಟನ್, ನಿಂತು. "ನನ್ನದೊಂದು—"

"ಒಂದು ಸೂಚನೆ ಸಭೆಯ ಮುಂದಿದೆ, ಮಿಸ್ಟರ್ ಸ್ಲೇಟನ್. ಸಭೆ ಮುಗಿಸುವ ಸೂಚನೆಯ ಮೇಲೆ ಚರ್ಚೆ ಇಲ್ಲ. ಅನುಮೋದಿಸುವವರು ಯಾರು?"

ಇದರಲ್ಲೇನೋ ಕುಯುಕ್ತಿ ಇರಬೇಕೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಒಲೆಯಲ್ಲಿ ಸೌದೆ ಸಿಡಿಯಿತು. ಅಡುಗೆಮನೆಯ ಬಾಗಿಲಲ್ಲಿ ಪಾದ್ರಿಯ ಹೆಂಡತಿ ಒದ್ದೆ ಕೈ ಏಪ್ರನ್ನಿಗೆ ಒರೆಸುತ್ತಾ ನಿಂತಿದ್ದಳು. "ನಾನು ಅನುಮೋದಿಸ್ತೀನಿ," ಎಂದಳು. "ಕಾಲು ಸತ್ತುಹೋ­ಗಿದೆ."

ಹೌದೆಂಬ ಕೂಗು ಎದ್ದಿತು. ಜಿಲ್ಫಾಳೇ ಮನೆಗೆ ಹೋಗಬೇಕೆಂದರೆ ಇನ್ನು ಕೂರುವುದಕ್ಕೇನಿದೆ ಎಂಬುದು ಅವರ ತರ್ಕ. ಬೇಡ ಎಂದ ದನಿ ಒಂದೇ, ಅದು ಮರ್ಟನ್‌ನದು. ಎಲಿಹು ಸುತ್ತಿಗೆ ಕುಟ್ಟಿದ. ಜನ ಕೋಟುಗಳಿಗೆ ಕೈ ಹಾಕಿದರು.

ಮರ್ಟನ್ ಬೆಂಚು ದಾಟಿ ಬಂದು ಅವಳ ತೋಳು ಹಿಡಿದ. ಮುಖ ಬಿಳಿಚಿಕೊಂಡಿತ್ತು.

"ಹುಚ್ಚು ಹಿಡಿದಿದ್ಯಾ ನಿನಗೆ? ಕೈಗೆ ಬಂದಿತ್ತಲ್ಲ! ಯೂನಿಸ್‌ಗೆ ನಾನೇನು ಹೇಳ್ಲಿ? ಶಾಲೆ ವಿಷಯದಲ್ಲಿ ನೀನೇ ಮಾಡಿರ್ಲಿಲ್ವಾ?"

"ಮಾಡಿದ್ದೆ."

"ಮತ್ತೆ?"

"ತೋಳು ಬಿಡು. ನೋಯತ್ತೆ."

ಅವನು ಬಿಟ್ಟ. ಅವಳು ಬೂಟಿನ ಗುಂಡಿ ಹಾಕಲು ಬಗ್ಗಿದಳು. ಮಂಡಿ ಮಡಚಲು ಕಷ್ಟಪಟ್ಟಳು, ಅವನ ಸಹಾಯ ಕೇಳಲಿಲ್ಲ.

"ಮುಂದಿನ ವರ್ಷ ಮತ್ತೆ ತರ್ತೀನಿ," ಎಂದಳು, ತಲೆಯೆತ್ತದೆ. "ಊಟಕ್ಕೆ ಮುಂಚೆ. ಅವರೆಲ್ಲ ಇಲ್ಲೇ ಕೂತಿರುವಾಗ ತಗೋತೀನಿ ಅವರ ಸೇತುವೇನ. ಬಿಡಲ್ಲ."

"ಅಲ್ಲಿವರೆಗೆ?"

"ಅಲ್ಲಿವರೆಗೆ ನಿನ್ನ ಎತ್ತಿನ ಬಂಡಿ ಕೊಡು, ಮೊಟ್ಟೆಗೆ. ಕೊಡಲ್ಲ ಅಂದ್ರೆ ಕೈಗಾಡಿ ಇದೆ."

ಮರ್ಟನ್ ಬಾಗಿಲು ಬಡಿದು ಹೊರಟುಹೋದ. ಜಿಲ್ಫಾ ಎದ್ದು ನಿಂತು ಶಾಲು ಬಿಗಿದುಕೊಂಡಳು. ಹೊರಬಾಗಿಲಿನ ಕಡೆಗೆ ಎರಡು ಹೆಜ್ಜೆ ಹಾಕಿ ನಿಂತಳು. ಅಡುಗೆಮನೆಯಲ್ಲಿ ಪಾದ್ರಿಯ ಹೆಂಡತಿ ಇನ್ನೂ ಮುಗಿಯದ ತಟ್ಟೆಗಳ ರಾಶಿಯ ಎದುರು ಒಬ್ಬಳೇ ನಿಂತಿದ್ದಳು. ಜಿಲ್ಫಾ ಶಾಲನ್ನು ಮತ್ತೆ ಬಿಚ್ಚಿ ಬೆಂಚಿನ ಮೇಲೆ ಎಸೆದು, ಆ ಹೊಸ್ತಿಲು ದಾಟಿ ಒಳಗೆ ಹೋಗಿ, ಒಣಗಿದ ಬಟ್ಟೆಯೊಂದನ್ನು ಮೊಳೆಯಿಂದ ಎಳೆದುಕೊಂಡಳು.